ಯಾರ ಸಿಪಾಯಿಯೂ ಅಲ್ಲ

೧೯೭೦, ನವೆಂಬರ್ ೧೫. ಎರ್ಲಾಂಗೆನ್

ಪುರುವಿಗೆ ಹದಿನೆಂಟು ತುಂಬಿ ಇನ್ನೂ ವಾರವಾಗಿಲ್ಲ, ಆಗಲೇ ಅವನನ್ನು ಕೇಳಿಕೊಂಡು ಬಂದಿದ್ದಾರೆ. ಹೆಣ್ಣಿನ ಕಡೆಯವರಾಗಿದ್ದರೆ ನಕ್ಕು ಕಾಫಿ ಕೊಟ್ಟು ಕಳಿಸುತ್ತಿದ್ದೆ. ಬಂದದ್ದು ಅಮೆರಿಕದ ಸರ್ಕಾರ. ಹದಿನೆಂಟು ತುಂಬಿದ ಅವರ ಗಂಡುಹುಡುಗರೆಲ್ಲ ಸೈನ್ಯದ ಪಟ್ಟಿಗೆ ಹೆಸರು ಕೊಡಬೇಕಂತೆ. ಕೊಟ್ಟವರಲ್ಲಿ ಯಾರ ಪಾಳಿ ಬರುತ್ತದೋ ಅವರು ವಿಯೆಟ್ನಾಂಗೆ ಹೋಗಬೇಕು.

ನನ್ನ ಮಗ ಅವರವನಾದದ್ದು ಹೇಗೆ? ನನ್ನ ಗಂಡ ಶೇಷಗಿರಿ ಅಮೆರಿಕದ ಇಲಿನಾಯ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ನನಗೆ ಅಲ್ಲಿ ಹೆರಿಗೆಯಾಯಿತು, ಅಷ್ಟೇ ನಡೆದದ್ದು. ನೆಲ ಅವರದಾದ್ದರಿಂದ ಅವರ ಕಾನೂನಿಗೆ ಅವನು ಅಮೆರಿಕನ್. ಅಪ್ಪ ಭಾರತೀಯನಾದ್ದರಿಂದ ನಮ್ಮ ಕಾನೂನಿಗೆ ಅವನು ಭಾರತೀಯ. ಹಲ್ಲು ಬರುವ ಮೊದಲೇ ಎತ್ತಿಕೊಂಡು ಧಾರವಾಡಕ್ಕೆ ಬಂದೆ. ಆರನೇ ವರ್ಷದಿಂದ ಬೆಳೆದದ್ದು ಇಲ್ಲಿ, ಜರ್ಮನಿಯಲ್ಲಿ. ಅಪ್ಪ ಇಲ್ಲಿಯ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್‌ಗಳ ಇಂಜಿನಿಯರ್, ಅಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್. ಜರ್ಮನ್ನರ ಲೆಕ್ಕದಲ್ಲಿ ಅವನು ಭಾರತದ ಪಾಸ್‌ಪೋರ್ಟ್ ಇರುವ ಔಸ್‌ಲೆಂಡರ್, ಪರದೇಶಿ. ಹೀಗೆ ಮೂರು ಸರ್ಕಾರಗಳಿಗೆ ಒಬ್ಬ ಹುಡುಗ. ಹತ್ತೊಂಬತ್ತು ಗಂಟೆ ನೋವು ತಿಂದವಳು ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ.

“ಬರಸೂಣು, ಅದರಾಗೇನದ?” ಅಂದರು ಶೇಷಗಿರಿ. “ಬರೇ ಹೆಸರು. ಕಾಯದೆ ಅಂದ್ರ ಕಾಯದೆ.”

“ಹೆಸರು ಇಟ್ಟವ್ರು ನಾವು. ಅವರಿಗ್ಯಾಕ ಕೊಡೂದು?”

“ಆ ಸಿಟಿಜನ್‌ಶಿಪ್‌ಗೆ ಎಷ್ಟು ಮಂದಿ ಕಾದು ಕೂತಾರ ಗೊತ್ತದೇನು? ನಾಳೆ ಅವ ಓದ್ಲಿಕ್ಕೆ ಅಲ್ಲೆ ಹ್ವಾದಾ ಅಂದ್ರ—”

“ಓದ್ಲಿಕ್ಕೆ ಕರೀಲಿಕ್ಕತ್ತಿಲ್ಲ ಅವರು.”

ಪುರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಕೂತಿದ್ದ. “ಮಿಷ್ ಫ್ರಾಗ್ಟ್ ಕೈನರ್,” ಅಂದ. ನನ್ನನ್ನು ಯಾರೂ ಕೇಳುವುದಿಲ್ಲ ಎಂದು. ಕೇಳುವುದೇನಿದೆ? ಅವನಿನ್ನೂ ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯಲ್ಲಿ ಬಿಡುವ ಮಗು. ಹೆಸರು ಬರೆಸಬೇಕೆಂದರೆ ಬರೆಸಲಿ. ಆಮೇಲೆ ಆ ಪೌರತ್ವವನ್ನೇ ಬಿಡಿಸುತ್ತೇನೆ. ಒಂದು ಸಹಿ ಹಾಕಿದರೆ ಮುಗಿಯಿತಂತೆ. ನನ್ನ ಪುರುವನ್ನು ನಾನು ಯಾರಿಗೂ ಕೊಡುವವಳಲ್ಲ.

೧೯೭೧, ಏಪ್ರಿಲ್ ೮

ಇಡೀ ಚಳಿಗಾಲ ಹೇಳಿ ಹೇಳಿ ಒಪ್ಪಿಸಿದ್ದೆ. ಈಸ್ಟರ್ ರಜೆ ಶುರುವಾದದ್ದೇ ಇವತ್ತು ಬೆಳಗಿನ ರೈಲಿಗೆ ಇಬ್ಬರೂ ಮ್ಯೂನಿಕ್‌ಗೆ ಹೋದೆವು, ಅಮೆರಿಕನ್ ಕಾನ್ಸುಲೇಟಿಗೆ. ಅಧಿಕಾರಿ ಬೋಳುತಲೆಯ ಸಭ್ಯ ಮನುಷ್ಯ. ಕಾಫಿ ತರಿಸಿದ. ಪೌರತ್ವ ಬಿಡುವುದೆಂದರೆ ಏನು, ಮತ್ತೆ ಬೇಕೆಂದರೆ ಸಿಗುವುದಿಲ್ಲ ಎಂದೆಲ್ಲ ನಿಧಾನವಾಗಿ ವಿವರಿಸಿದ. ನಾನು ತಲೆಯಾಡಿಸುತ್ತಲೇ ಇದ್ದೆ. ಕೊನೆಗೆ ಪ್ರಮಾಣವಚನದ ಹಾಳೆ ಮುಂದಿಟ್ಟು ಪುರುವನ್ನು ಕೇಳಿದ:

“ಇದನ್ನು ನಿಮ್ಮ ಸ್ವಂತ ಇಚ್ಛೆಯಿಂದ ಮಾಡುತ್ತಿದ್ದೀರಾ? ಯಾರ ಒತ್ತಾಯವೂ ಇಲ್ಲ ತಾನೆ?”

“ಇದೆ,” ಅಂದ ಪುರು.

“ಯಾರದು?”

“ನಮ್ಮ ಅಮ್ಮನದು. ಇಗೋ, ಪಕ್ಕದಲ್ಲೇ ಕೂತಿದ್ದಾರೆ.”

ಅಧಿಕಾರಿ ಹಾಳೆಯನ್ನು ವಾಪಸು ಎಳೆದುಕೊಂಡ. ಒತ್ತಾಯವಿದ್ದರೆ ನಾನು ಸಹಿ ತೆಗೆದುಕೊಳ್ಳುವಂತಿಲ್ಲ, ಮೇಡಂ ಎಂದ. ಅವನ ತುಟಿಯ ತುದಿಯಲ್ಲಿ ನಗು ಇತ್ತು. ನನಗೆ ಆ ಕಾಫಿ ಅವನ ಮುಖಕ್ಕೇ ಎರಚಬೇಕೆನಿಸಿತು. ಅವನ ಮುಖಕ್ಕೋ, ಮಗನ ಮುಖಕ್ಕೋ.

ರೈಲಿನಲ್ಲಿ ಇಂಗೋಲ್‌ಸ್ಟಾಟ್ ಬರುವವರೆಗೂ ಬೈದೆ. ಎದುರಿಗಿದ್ದ ಮುದುಕಿ ಭಾಷೆ ತಿಳಿಯದಿದ್ದರೂ ಎದ್ದು ಬೇರೆ ಡಬ್ಬಿಗೆ ಹೋದಳು. ಎಲ್ಲ ಕೇಳಿಸಿಕೊಂಡು ಪುರು ಅಂದ:

“ಅವ್ವಾ, ನಾ ಯುದ್ಧಕ್ಕ ಹೋಗೂದಿಲ್ಲ. ಅದು ಖರೆ. ಆದ್ರ ಕದ್ದು ಓಡೂದೂ ಇಲ್ಲ. ನಾ ನಿಮ್ಮವ, ಆದ್ರೂ ಬರೂದಿಲ್ಲ, ಅಂತ ಅವರ ಮುಂದ ನಿಂತು ಹೇಳಾಂವ. ಪೌರತ್ವಾನ ಬಿಸಾಕಿದ್ರ ಹೇಳ್ಲಿಕ್ಕೆ ನಾ ಯಾರು?”

“ಹಂಗ ಹೇಳಿದವ್ರನ್ನ ಜೇಲಿಗೆ ಹಾಕ್ತಾರ.”

“ಹಾಕ್ಲಿ.”

ಹದಿನೆಂಟರ ಬಾಯಿ. ಜೇಲು ಅಂದರೆ ಹಾಸ್ಟೆಲ್ಲು ಅಂದುಕೊಂಡಿದೆ.

ಯುದ್ಧವೇ ತಪ್ಪು ಎಂದು ನಂಬುವವರಿಗೆ ಅವರಲ್ಲೊಂದು ದಾರಿ ಇದೆಯಂತೆ. ಸೈನ್ಯದ ಬದಲು ಬೇರೆ ಸೇವೆ. ಅದಕ್ಕೆ ಅರ್ಜಿ ಹಾಕುತ್ತಾನಂತೆ. ಹಾಕಲಿ. ನಂಬಿಕೆಯನ್ನು ತೂಗುವ ತಕ್ಕಡಿ ಯಾವ ಸರ್ಕಾರದ ಬಳಿ ಇದೆಯೋ ನೋಡೋಣ.

೧೯೭೧, ಏಪ್ರಿಲ್ ೧೨

ಮಾತಿಲ್ಲ. ಹೋಳಿಗೆ ಮಾಡಿದೆ. ತಿಂದ. ಆದರೂ ಮಾತಿಲ್ಲ.

೧೯೭೧, ಆಗಸ್ಟ್ ೭

ಮೊನ್ನೆ ವಾಷಿಂಗ್ಟನ್ನಿನಲ್ಲಿ ಚೀಟಿ ಎತ್ತಿದರು. ಹುಟ್ಟಿದ ದಿನಗಳನ್ನು ಡಬ್ಬಿಯಲ್ಲಿ ಹಾಕಿ ತಿರುಗಿಸಿ, ಒಂದೊಂದಾಗಿ ತೆಗೆದು, ಮೊದಲು ಬಂದ ದಿನದವರು ಮೊದಲು ಹೋಗುವುದು. ತಂಬೋಲಾ ಆಡಿದಂತೆ! ಪುರುವಿನ ದಿನ ಬೇಗ ಬಂದಿದೆ. ಮುಂದಿನ ವರ್ಷ ಕರೆ ಬರುವುದು ಖಂಡಿತವಂತೆ.

ಶೇಷಗಿರಿ ನನ್ನನ್ನು ನ್ಯೂರ್ನ್‌ಬೆರ್ಗ್‌ನ ಒಬ್ಬ ವಕೀಲರ ಬಳಿ ಕರೆದುಕೊಂಡು ಹೋದರು. ವಕೀಲರು ದಪ್ಪ ಪುಸ್ತಕ ತೆಗೆದು ಖುಷಿಯಿಂದ ಓದಿದರು: ಎರಡು ಪೌರತ್ವ ಇರುವವನು ಆ ಎರಡರಲ್ಲಿ ಒಂದು ದೇಶದಲ್ಲಿ ನೆಲೆಸಿದ್ದರೆ ಇನ್ನೊಂದು ದೇಶ ಅವನನ್ನು ಸೈನ್ಯಕ್ಕೆ ಎಳೆಯಬಾರದು, ಹೀಗೊಂದು ಹಳೆಯ ಒಪ್ಪಂದವಿದೆ.

“ಹಾಗಾದರೆ ಆಯಿತಲ್ಲ!” ಅಂದೆ.

“ಆದರೆ ಡಾಕ್ಟರ್, ನಿಮ್ಮ ಮಗ ಭಾರತದಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಎರ್ಲಾಂಗೆನ್‌ನಲ್ಲಿದ್ದಾನೆ.”

ಕಾನೂನು ಬರೆದವರಿಗೆ ಮೂರನೆಯ ಊರಿನಲ್ಲೂ ಮನುಷ್ಯರು ಬಾಳುತ್ತಾರೆಂದು ಹೊಳೆದೇ ಇಲ್ಲ. ಹೊರಗೆ ಬಂದು ಶೇಷಗಿರಿ ಸಿಗರೇಟು ಹಚ್ಚಿದರು. ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ಬೇಡ ಅನ್ನಲಿಲ್ಲ.

೧೯೭೧, ಡಿಸೆಂಬರ್ ೧೯

ಸಿಟ್ಟಿಗೆ ಮೊದಲ ಹಾಳೆಯನ್ನು ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ.

ಢಾಕಾ ಬಿದ್ದ ಸುದ್ದಿ ಬಂದಾಗಿನಿಂದ ಇಲ್ಲಿಯ ನಮ್ಮವರಿಗೆಲ್ಲ ನೆಲದ ಮೇಲೆ ಕಾಲಿಲ್ಲ. ನಿನ್ನೆ ನಮ್ಮ ಮನೆಯಲ್ಲೇ ಸೇರಿದೆವು. ನಾನು ಶಿರಾ ಮಾಡಿದ್ದೆ. ಫಿಸಿಕ್ಸ್‌ನಲ್ಲಿ ಸಂಶೋಧನೆ ಮಾಡುವ ಮೈಸೂರಿನ ಹುಡುಗ ಉಪೇಂದ್ರ ರೇಡಿಯೋ ತಂದಿದ್ದ. ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಹೇಳಿಕೊಡುವ ಸಾವಿತ್ರಿ ಬಂದಿದ್ದಳು. ಅವಳ ತಮ್ಮ ನಮ್ಮ ಸೈನ್ಯದಲ್ಲಿ ಮೇಜರ್, ಪೂರ್ವದ ಗಡಿಯಲ್ಲಿದ್ದ. ಅವನು ಕ್ಷೇಮವೆಂದು ನಿನ್ನೆ ಬೆಳಿಗ್ಗೆಯಷ್ಟೇ ತಂತಿ ಬಂದಿತ್ತು. ಅತ್ತೂ ನಕ್ಕೂ ಅವಳ ಕಣ್ಣು ಊದಿಕೊಂಡಿತ್ತು.

ಎಲ್ಲರಿಗೂ ಶಿರಾ ಬಡಿಸುತ್ತಿದ್ದಾಗ ಉಪೇಂದ್ರ ಪುರುವಿನ ಬೆನ್ನು ತಟ್ಟಿ ಅಂದ: “ವಿಯೆಟ್ನಾಂ ಬೇಡ ಅಂದೆ, ಸರಿ ಮಗಾ. ನಮ್ಮ ಆರ್ಮಿ ಕರೆದಿದ್ರೆ ಎದ್ದು ಓಡ್ತಿದ್ದೆ ತಾನೆ?”

“ಇಲ್ಲ,” ಅಂದ ಪುರು.

“ತಮಾಷೆ ಮಾಡ್ಬೇಡ ಗುರು. ಅಲ್ಲಿ ಜನ ಸಾಯ್ತಾ ಇದ್ರು!”

“ಗೊತ್ತದ. ಗಾಯಕ್ಕ ಪಟ್ಟಿ ಕಟ್ಟು ಅಂದಿದ್ರ ಹೋಗ್ತಿದ್ದೆ. ಬಂದೂಕು ಹಿಡೀತಿದ್ದಿಲ್ಲ. ಯಾರು ಕೊಟ್ಟಿದ್ರೂ ಹಿಡೀತಿದ್ದಿಲ್ಲ.”

ಸಾವಿತ್ರಿ ತಟ್ಟೆ ಕೆಳಗಿಟ್ಟಳು.

“ಹಾಗಾದ್ರೆ ನನ್ನ ತಮ್ಮ ಏನು, ಕೊಲೆಗಾರನಾ?”

“ಹಂಗ ಅಂದಿಲ್ಲ, ಆಂಟಿ. ಅವರ ಮಾತು ಅವರದು. ನನ್ನ ಕೈ ನನ್ನದು.”

ಅವಳು ಕೋಟು ಹಾಕಿಕೊಂಡು ಹೊರಟೇಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ನಾನು ಎಲ್ಲರೆದುರೇ ಪುರುವಿಗೆ “ಕೋಣೆಗೆ ನಡಿ” ಎಂದು ಕಿರುಚಿದೆ, ಆರು ವರ್ಷದವನಿಗೆ ಹೇಳಿದಂತೆ. ಹೋದ. ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡ.

ಅಮೆರಿಕಕ್ಕೆ ಇಲ್ಲ ಅನ್ನಲಿ, ಬೇಡ ಅಂದವರು ಯಾರು? ನಮ್ಮ ದೇಶಕ್ಕೂ ಇಲ್ಲವೇ? ಅದೂ ನಿನ್ನೆಯ ದಿನ, ನನ್ನ ಮನೆಯಲ್ಲಿ, ನಾನು ಮಾಡಿದ ಶಿರಾ ಕೈಯಲ್ಲಿ ಹಿಡಿದು?

೧೯೭೧, ಡಿಸೆಂಬರ್ ೨೩

ಸಾವಿತ್ರಿಯ ಮನೆಗೆ ಕ್ಷಮೆ ಕೇಳಲು ಹೋಗಿದ್ದೆ. ಒಳಗೆ ಕರೆದಳು. ಮುಖ ಬಿಗಿದುಕೊಂಡೇ ಚಹಾ ಮಾಡಿದಳು. ಹುಡುಗು ಬುದ್ಧಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಬಾಯಲ್ಲಿ ಬಂದದ್ದು ಬೇರೆ: “ಅವ ಹೆದರಿ ಹೇಳಿದ್ದಲ್ಲ, ಸಾವಿತ್ರಿ.”

“ಹೆದರಿದ್ರೆ ಹೂಂ ಅಂದುಬಿಡ್ತಿದ್ದ, ವೇದಾ,” ಅಂದಳು ಅವಳು. “ಹೂಂ ಅನ್ನೋದು ಅವತ್ತು ಎಷ್ಟು ಸುಲಭ ಇತ್ತು! ನಮ್ಮ ಸೈನ್ಯ ಇವನನ್ನ ಕರೆಯೋದೂ ಇರ್ಲಿಲ್ಲ.”

ಅವಳ ಸಿಟ್ಟು ಇಳಿದಿಲ್ಲ. ನನ್ನದೂ ಇಳಿದಿಲ್ಲ. ಚಹಾ ಮಾತ್ರ ಎರಡೆರಡು ಕಪ್ಪು ಕುಡಿದೆವು.

೧೯೭೨, ಫೆಬ್ರವರಿ ೧೨

ಪುರುವಿನ ಅರ್ಜಿ ನೋಡುವ ಅಮೆರಿಕದ ಮಂಡಳಿಗೆ ಅನುಮಾನ ಬಂದಿದೆಯಂತೆ. ಎರಡು ದೇಶದ ಹುಡುಗ, ಮೂರನೆಯ ದೇಶದಲ್ಲಿ ಕೂತು ತನಗೆ ಬೇಕಾದಾಗ ಅಮೆರಿಕನ್, ಬೇಡವಾದಾಗ ಭಾರತೀಯ. ಅವನಿಗೆ ಯುದ್ಧವೇ ಬೇಡವೋ, ಅಥವಾ ಅಮೆರಿಕದ ಯುದ್ಧ ಮಾತ್ರ ಬೇಡವೋ? ತಿಳಿದವರು ಯಾರಾದರೂ ಕಾನ್ಸುಲೇಟಿಗೆ ಬಂದು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಸೈನ್ಯದ ಕರೆ. ಅದಕ್ಕೂ ಇಲ್ಲವೆಂದರೆ ಮೊಕದ್ದಮೆ.

ಶೇಷಗಿರಿಯವರ ಮುಖ ಬೂದಿಯಾಗಿತ್ತು. “ಸಾಕು. ಈಗರೆ ಬಿಟ್ಟುಬಿಡೂಣು ಆ ಪೌರತ್ವಾ. ನೀ ಹೇಳಿದ್ದ ಖರೆ ಇತ್ತು. ಒಂದ ಸಹಿ.”

“ಯಾಕ ಬಿಡಬೇಕು?” ಅಂದೆ. “ಅವ ಏನ್ ತಪ್ಪು ಮಾಡ್ಯಾನ?”

ನನ್ನನ್ನೇ ನೋಡುತ್ತ ಕೂತರು. “ಹ್ವಾದ ವರ್ಷ ಮ್ಯೂನಿಕ್‌ಗೆ ಕರಕೊಂಡು ಹೋದಾಕಿ ನೀನಽ ಅಲ್ಲೇನು?”

“ಹ್ವಾದ ವರ್ಷದ್ದು ಹ್ವಾದ ವರ್ಷ.”

ಗಂಡಸರಿಗೆ ಹಳೆಯದನ್ನು ಕೆದಕುವುದೊಂದು ಚಟ. ಅದಿರಲಿ. ಹೇಳಿಕೆ ಯಾರು ಕೊಡುವುದು? ತಾಯಿಯ ಮಾತು ತಾಯಿಯ ಮಾತೇ ಅನ್ನುತ್ತಾರೆ. ಅವನನ್ನು ಕಂಡರೆ ಆಗದವರ ಮಾತಾದರೆ ತೂಕ ಹೆಚ್ಚು.

ನಾಳೆ ಸಾವಿತ್ರಿಯ ಮನೆಗೆ ಹೋಗುತ್ತೇನೆ. ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ಕೂತುಕೊಳ್ಳುತ್ತೇನೆ.

೧೯೭೨, ಮಾರ್ಚ್ ೧೦

ಮ್ಯೂನಿಕ್‌ನಲ್ಲಿ ಅದೇ ಬೋಳುತಲೆ, ಅದೇ ಸಭ್ಯತೆ. ನನ್ನನ್ನು ಕಂಡದ್ದೇ ಗುರುತು ಹಿಡಿದ. ಸಾವಿತ್ರಿ ರೇಷ್ಮೆ ಸೀರೆಯ ಮೇಲೆ ಓವರ್‌ಕೋಟು ಹಾಕಿಕೊಂಡು, ಯಾರದೋ ಮದುವೆಗೆ ಬಂದವಳಂತೆ ನೆಟ್ಟಗೆ ಕೂತಿದ್ದಳು. ಬರುತ್ತೇನೆ ಎಂದಷ್ಟೇ ಒಪ್ಪಿದ್ದಳು. ಏನು ಹೇಳುತ್ತಾಳೋ ನನಗೂ ಗೊತ್ತಿರಲಿಲ್ಲ.

“ಈ ಹುಡುಗನ ವಿಚಾರವನ್ನು ನೀವು ಒಪ್ಪುತ್ತೀರಾ?” ಎಂದು ಅಧಿಕಾರಿ ಕೇಳಿದ.

“ಇಲ್ಲ,” ಅಂದಳು.

“ನನ್ನ ತಮ್ಮ ಸೈನಿಕ. ಅವನ ಬಗ್ಗೆ ನನಗೆ ಹೆಮ್ಮೆ ಇದೆ. ಡಿಸೆಂಬರಿನಲ್ಲಿ ನಮ್ಮ ದೇಶ ಗೆದ್ದಾಗ ಎಲ್ಲರೂ ಸಿಹಿ ತಿನ್ನುತ್ತಿದ್ದೆವು. ಈ ಹುಡುಗ ನನ್ನ ಮುಖ ನೋಡಿಕೊಂಡೇ, ನಮ್ಮ ಯುದ್ಧಕ್ಕೂ ಹೋಗುತ್ತಿರಲಿಲ್ಲ ಎಂದ. ಆ ಕೋಣೆಯಲ್ಲಿ ಅವನ ಪರ ಒಬ್ಬರೂ ಇರಲಿಲ್ಲ. ಹೆತ್ತ ತಾಯಿಯೂ ಇರಲಿಲ್ಲ. ಅವತ್ತಿನಿಂದ ಅವನ ಜೊತೆ ನಾನು ಮಾತಾಡಿಲ್ಲ, ಇನ್ನು ಮುಂದೆ ಆಡುತ್ತೇನೋ ಗೊತ್ತಿಲ್ಲ. ಆದರೆ ಅವನು ಸುಳ್ಳುಗಾರ ಎಂದು ಯಾರಾದರೂ ಅಂದರೆ ಅವರಿಗೆ ಅವನ ಪರಿಚಯವಿಲ್ಲ.”

ಟೈಪಿಸ್ಟ್ ಹುಡುಗಿ ಬೆರಳು ನಿಲ್ಲಿಸಿ ಅವಳನ್ನೇ ನೋಡಿದಳು.

ಆಮೇಲೆ ನನ್ನ ಸರದಿ. “ಡಾಕ್ಟರ್, ಕಳೆದ ವರ್ಷ ಇದೇ ಮಗನ ಪೌರತ್ವ ಬಿಡಿಸಲು ನೀವೇ ಕರೆತಂದಿದ್ದಿರಿ.”

“ಹೌದು. ಸುಲಭದ ದಾರಿ ತೋರಿಸಿದೆ, ಒತ್ತಾಯವನ್ನೂ ಮಾಡಿದೆ. ಅವನು ಹಿಡಿಯಲಿಲ್ಲ. ಅದನ್ನೂ ಬರೆದುಕೊಳ್ಳಿ. ಪೂರ್ತಿ ಹೆಸರು ಹಾಕಿ: ಪುರುಷೋತ್ತಮ ಶೇಷಗಿರಿ ಕಟ್ಟಿ. ನಿಮ್ಮ ಪಟ್ಟಿಯಲ್ಲಿ ಕಾಗುಣಿತ ತಪ್ಪಿದೆ.”

ಬರೆದುಕೊಂಡ. ಮೂರು ಸಲ ಕೇಳಿ ಸರಿಮಾಡಿಸಿದೆ.

ವಾಪಸು ಬರುವಾಗ ಸಾವಿತ್ರಿ ಕಿಟಕಿಯಾಚೆ ನೋಡುತ್ತ ಅಂದಳು: “ನನ್ನ ತಮ್ಮನಿಗೆ ಇದನ್ನ ಹೇಗೆ ಹೇಳ್ಲಿ?” ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

೧೯೭೨, ಮೇ ೨೭

ಒಪ್ಪಿಗೆಯಾಯಿತು. ಸೈನ್ಯವಿಲ್ಲ. ಬದಲಿಗೆ ಎರಡು ವರ್ಷ ಫಿಲಡೆಲ್ಫಿಯಾದ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸ.

ಕುಣಿಯುವುದಕ್ಕೂ ಬಿಡಲಿಲ್ಲ. ಅಮೆರಿಕನ್ ಆದವನು ಅಮೆರಿಕಕ್ಕೆ ಅವರ ಪಾಸ್‌ಪೋರ್ಟಿನಲ್ಲೇ ಹೋಗಬೇಕಂತೆ. ಅವರ ಪಾಸ್‌ಪೋರ್ಟ್ ತೆಗೆದುಕೊಂಡ ಕ್ಷಣವೇ ನಮ್ಮ ಕಾನೂನಿನಂತೆ ಭಾರತದ ಪೌರತ್ವ ಹೋಗುತ್ತದೆ. ಹುಟ್ಟಿನಿಂದ ಎರಡೂ ಇರಬಹುದು. ಎರಡು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿಯುವ ಹಾಗಿಲ್ಲ.

“ಇದಕ್ಕೂ ತಯಾರೇನು?” ಎಂದು ಕೇಳಿದೆ. ಕೇಳಿದೆ, ಅಷ್ಟೇ. ಹೀಗೆ ಮಾಡು ಅನ್ನಲಿಲ್ಲ.

“ಇಲ್ಲ, ಅವ್ವಾ. ಆದ್ರ ಹೋಗ್ತೀನಿ,” ಅಂದ. ಅವನ ಕಣ್ಣಲ್ಲಿ ನೀರು ಕಂಡೆ. ನಾನು ಎದ್ದು ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ.

೧೯೭೨, ಜೂನ್ ೨೩. ಬಾನ್‌ನಿಂದ ವಾಪಸು

ನಮ್ಮ ರಾಯಭಾರ ಕಚೇರಿಯ ಅಧಿಕಾರಿ ಇನ್ನೂ ಮೂವತ್ತು ದಾಟದ ಹುಡುಗ. ಪುರುಷೋತ್ತಮನ ಭಾರತದ ಪಾಸ್‌ಪೋರ್ಟಿನ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿದ. ಕಟ್ ಎಂಬ ಸಣ್ಣ ಸದ್ದು. ಶೇಷಗಿರಿ ಗೋಡೆಯ ಕಡೆ ತಿರುಗಿ ನಿಂತರು.

“ಇನ್ನು ಮುಂದೆ ಇವರು ವಿದೇಶಿ,” ಅಂದ ಅಧಿಕಾರಿ.

ನಾನು ಹೊಸ ಅಮೆರಿಕನ್ ಪಾಸ್‌ಪೋರ್ಟನ್ನು ಅವನ ಮೇಜಿನ ಮೇಲಿಟ್ಟೆ. “ಹಾಗಾದರೆ ಈ ವಿದೇಶಿಗೆ ಭಾರತದ ವೀಸಾ ಕೊಡಿ.”

“ಇವರು ಹೋಗುತ್ತಿರುವುದು ಅಮೆರಿಕಕ್ಕಲ್ಲವೇ, ಮೇಡಂ?”

“ನಾಳೆ ಮನೆಗೆ ಹೋಗಬೇಕೆನಿಸಿದರೆ?”

“ಉಪಯೋಗಿಸದಿದ್ದರೆ ಕೆಲವು ತಿಂಗಳಲ್ಲಿ ವೀಸಾ ಸತ್ತುಹೋಗುತ್ತದೆ.”

“ಸತ್ತರೆ ಮತ್ತೆ ಬರುತ್ತೇನೆ. ಅದೂ ಸತ್ತರೆ ಮತ್ತೂ ಬರುತ್ತೇನೆ. ನಿಮಗೆ ವರ್ಗವಾದರೆ ನಿಮ್ಮ ಜಾಗಕ್ಕೆ ಬರುವವರಿಗೆ ನನ್ನ ಹೆಸರು ಹೇಳಿ ಹೋಗಿ.”

ಅವನಿಗೆ ನಗು ತಡೆಯಲಾಗಲಿಲ್ಲ. “ಪಾಸ್‌ಪೋರ್ಟ್ ಕತ್ತರಿಸಿದ್ದಕ್ಕೆ ಬೈಯುತ್ತೀರೆಂದು ಕಾಯುತ್ತಿದ್ದೆ.”

“ಬೈಯುವುದಿದೆ. ಮೊದಲು ವೀಸಾ.”

ಊಟದ ಹೊತ್ತು ಮೀರುವವರೆಗೂ ಕೂತು ಹಾಕಿಸಿಕೊಂಡೇ ಎದ್ದೆ. ಬೈಗುಳ ಮರೆತುಹೋಯಿತು. ಪುರುಷೋತ್ತಮ ಆ ಮುದ್ರೆಯನ್ನು ದಾರಿಯುದ್ದಕ್ಕೂ ತೆಗೆದು ತೆಗೆದು ನೋಡಿದ.

೧೯೭೨, ಜುಲೈ ೩೦

ಫ್ರಾಂಕ್‌ಫುರ್ಟ್‌ನಿಂದ ವಿಮಾನ ಹೋಯಿತು. ಸಾವಿತ್ರಿ ಬಂದಿದ್ದಳು. ಅವನ ಜೊತೆ ಮಾತಾಡಿದಳು. “ಅಲ್ಲಿ ಚಳಿ ಹೆಚ್ಚು, ಮಫ್ಲರ್ ಕಟ್ಕೋ,” ಅಂದಳು. ಅಷ್ಟೇ.

ನಾನು ಅಳಲಿಲ್ಲ. ಬೇಕಿದ್ದರೆ ಶೇಷಗಿರಿಯವರನ್ನು ಕೇಳಿ. ಅವರು ಎರಡು ಕರವಸ್ತ್ರ ಒದ್ದೆ ಮಾಡಿದರು.

೧೯೭೨, ಆಗಸ್ಟ್ ೨೦

ಊಟ ಮುಗಿಸಿ ಕೂತಿದ್ದೆವು, ಫಿಲಡೆಲ್ಫಿಯಾದಿಂದ ಫೋನ್ ಬಂತು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

“ಅವ್ವಾ, ವಾರ್ಡಿನಾಗ ಒಬ್ಬ ಅಜ್ಜ ಇದ್ದಾನ. ಲಕ್ವಾ ಹೊಡದದ. ಭಾಳ ಭಾರ. ಮಗ್ಗಲಾ ಹೊರಳಸ್ಲಿಕ್ಕೆ ಹ್ವಾದ್ರ ಅಂವಗೂ ನೋವು, ನಂಗೂ ನಡಾ ಹಿಡದದ. ಹೆಂಗ ಮಾಡ್ಲಿ?”

ಎರಡು ದಶಕದಿಂದ ಮಾಡುತ್ತಿರುವ ಕೆಲಸ, ಬಾಯಲ್ಲಿ ಹೇಳು ಅಂದರೆ ಬರಲೊಲ್ಲದು. “ಸೋಫಾದ ಮ್ಯಾಲೆ ಮಲಕೋರಿ,” ಅಂದೆ ಶೇಷಗಿರಿಯವರಿಗೆ.

“ನಾನೇನು?”

“ಮತ್ಯಾರು? ಮಲಕೋರಿ ಲಗೂನ. ಮೈ ಸಡ್ಲ ಬಿಡ್ರಿ. ಲಕ್ವಾ ಹೊಡದದ ನಿಮಗ.”

ಕನ್ನಡಕ ತೆಗೆದಿಟ್ಟು ಮಲಗಿದರು. ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನಾನು ಅವರ ಪಕ್ಕ ನಿಂತೆ.

“ಕೇಳ್ಲಿಕ್ಕತ್ತೀಯೇನು? ಮದಲ ಅಜ್ಜಗ ಏನ್ ಮಾಡ್ತೀ ಅಂತ ಹೇಳು. ಹೇಳದ ಮುಟ್ಟಬ್ಯಾಡ. ಆಮ್ಯಾಲೆ ಆ ಕಡೆ ಕಾಲು ಮಡಚು, ಕೈ ಎದಿ ಮ್ಯಾಲೆ ಇಡು. ಒಂದು ಕೈ ಭುಜಕ್ಕ, ಒಂದು ಕೈ ಟೊಂಕಕ್ಕ. ನಿನ್ನ ಬೆನ್ನು ಬಗ್ಗಸಬ್ಯಾಡ, ಮೊಳಕಾಲು ಬಗ್ಗಸು. ಎತ್ತಬ್ಯಾಡ. ನಿನ್ನ ಕಡೆ ತಗೋ, ಸಾವಕಾಶ.”

ಶೇಷಗಿರಿ ನನ್ನ ಕಡೆ ಹೊರಳಿದರು, ಹಗುರಾಗಿ, ಒಂದು ಸದ್ದಿಲ್ಲದೆ.

“ಇನ್ನೊಮ್ಮೆ ಹೇಳು, ಅವ್ವಾ. ನಾ ಇಲ್ಲೆ ಮಾಡಿ ನೋಡ್ತೀನಿ.”

ಶೇಷಗಿರಿಯವರನ್ನು ಮತ್ತೆ ಅಂಗಾತ ಮಲಗಿಸಿ, ಮೊದಲಿನಿಂದ ಹೇಳಿದೆ.